ತಾಳವಿಲ್ಲದ ಡ್ರಮ್ಸ್, ಜೊತೆಗೊಂದು ಸ್ಯಾಕ್ಸೊಫೋನ್: ‘ಇಂಟರ್‌ಸ್ಟೆಲ್ಲರ್ ಸ್ಪೇಸ್’ ಕೇಳುವುದು ಹೇಗೆ?

ಪ್ರಶ್ನೆ: ಕದ್ರಿ ಗೋಪಾಲನಾಥರ ಕಛೇರಿ ಕೇಳಿ ಸ್ಯಾಕ್ಸೊಫೋನ್ ಹುಚ್ಚು ಹತ್ತಿಸಿಕೊಂಡವನು ನಾನು. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ತುಂಬ ಹಿಡಿಸಿತು. ಅದೇ ಹುಮ್ಮಸ್ಸಿನಲ್ಲಿ ಅವರದೇ ‘ಇಂಟರ್‌ಸ್ಟೆಲ್ಲರ್ ಸ್ಪೇಸ್’ ಹಾಕಿದೆ. ಒಬ್ಬರು ಊದುತ್ತಾರೆ, ಇನ್ನೊಬ್ಬರು ಬಾರಿಸುತ್ತಾರೆ, ತಾಳವೇ ಸಿಗುವುದಿಲ್ಲ. ಇದರಲ್ಲಿ ಬಾಹ್ಯಾಕಾಶ ಎಲ್ಲಿದೆ? 1967ರ ಧ್ವನಿಮುದ್ರಣ 1974ರಲ್ಲಿ ಹೊರಬಂದದ್ದೇಕೆ?
– ಓದುಗರು, ಮೈಸೂರು

ಉತ್ತರ: ತಾಳ ಸಿಗಲಿಲ್ಲ ಎಂದಿರಿ. ನಿಮ್ಮ ಕಿವಿ ಸರಿಯಾಗಿಯೇ ಇದೆ, ಅದು ಅಲ್ಲಿ ಇಲ್ಲ. ಈ ಆಲ್ಬಮ್‌ನ ದೊಡ್ಡ ಸಾಹಸ ಇರುವುದೇ ಅಲ್ಲಿ. ಎಲ್ಲರೂ ಇದನ್ನು ಕೋಲ್ಟ್ರೇನ್ ಆಲ್ಬಮ್ ಎಂದೇ ಕೇಳುತ್ತಾರೆ. ನನ್ನ ಮಟ್ಟಿಗೆ ಇದು ಅಷ್ಟೇ, ಡ್ರಮ್ಸ್ ಬಾರಿಸಿದ ರಶೀದ್ ಅಲಿ ಅವರ ಆಲ್ಬಮ್ ಕೂಡ. ಹಾಗಾಗಿ ಡ್ರಮ್ಸ್‌ನಿಂದಲೇ ಶುರು ಮಾಡೋಣ.

ಅಲಿ ಫಿಲಡೆಲ್ಫಿಯಾದವರು. 1965ರ ಕೊನೆಯಲ್ಲಿ ಕೋಲ್ಟ್ರೇನ್ ತಂಡ ಸೇರಿದರು. ಅಲ್ಲಿ ಆಗಲೇ ಎಲ್ವಿನ್ ಜೋನ್ಸ್ ಇದ್ದರು. ಅವರು ಲಯದ ಮೇಲೆ ಲಯ ಹೆಣೆದರೂ ಕಾಲು ತಟ್ಟಲು ನೆಲ ಬಿಟ್ಟುಕೊಡುತ್ತಿದ್ದರು. ಕೆಲಕಾಲ ಇಬ್ಬರು ಡ್ರಮ್ಮರ್‌ಗಳೂ ಒಟ್ಟಿಗೆ ನುಡಿಸಿದರು. ಪಿಯಾನೊದ ಮೆಕಾಯ್ ಟೈನರ್ ತಂಡ ಬಿಟ್ಟರು, 1966ರ ಆರಂಭದಲ್ಲಿ ಜೋನ್ಸ್ ಕೂಡ ಹೊರಟರು. ಅಲಿ ಉಳಿದರು. ಅವರ ಬಡಿತ ಏಕಕಾಲಕ್ಕೆ ಹಲವು ದಿಕ್ಕಿಗೆ ಹರಿಯುತ್ತದೆ, ತಾನು ಯಾವ ಕಡೆ ತಿರುಗಿದರೂ ಅದು ಹೊಂದಿಕೊಳ್ಳುತ್ತದೆ ಎಂಬ ಭರವಸೆ ತನಗಿದೆ ಎಂದು ಕೋಲ್ಟ್ರೇನ್ ಹೇಳಿದ್ದರು. ನಮ್ಮ ಕಛೇರಿಯ ಭಾಷೆಯಲ್ಲಿ ಹೇಳುವುದಾದರೆ, ಆಲಾಪನೆ ನಡೆಯುವಾಗ ಮೃದಂಗ ಸುಮ್ಮನಿರುತ್ತದೆ. ಇಲ್ಲಿ ಆಲಾಪನೆಯ ಜೊತೆಜೊತೆಗೇ, ಆವರ್ತನದ ಲೆಕ್ಕ ಕಳಚಿಟ್ಟ ತನಿಯೂ (ಲಯವಾದ್ಯದ ಒಂಟಿ ವಾದನ) ನಡೆಯುತ್ತಿದೆ.

1967ರ ಫೆಬ್ರವರಿ 22. ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿರುವ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೊ. ಎತ್ತರದ ಮರದ ಚಾವಣಿಯ ಕೋಣೆ ಅದು. ಉಳಿದವರೂ ಬರುತ್ತಾರೆಂದು ಅಲಿ ಕಾದರಂತೆ. ಯಾರೂ ಬರಲಿಲ್ಲ. ಪಿಯಾನೊ ನುಡಿಸುವ ಪತ್ನಿ ಆಲಿಸ್ ಕೋಲ್ಟ್ರೇನ್ ಇಲ್ಲ, ಬೇಸ್‌ನ ಜಿಮ್ಮಿ ಗ್ಯಾರಿಸನ್ ಇಲ್ಲ. ಇವತ್ತು ನಾವಿಬ್ಬರೇ ಎಂಬುದು ಅಲ್ಲೇ ಗೊತ್ತಾಯಿತು ಎಂದು ಅಲಿ ಮುಂದೆ ನೆನಪಿಸಿಕೊಂಡಿದ್ದಾರೆ. ಬೇಸ್ ಮತ್ತು ಪಿಯಾನೊ ಇಲ್ಲದಿದ್ದರೆ ಶ್ರುತಿಯ ಆಸರೆಯೂ ಇಲ್ಲ, ಸ್ವರಮೇಳದ ಬೇಲಿಯೂ ಇಲ್ಲ. ಟೆನರ್ ಸ್ಯಾಕ್ಸೊಫೋನ್ ಒಂದೇ ಆ ಎಲ್ಲ ಜಾಗವನ್ನು ತುಂಬಬೇಕು.

ಅದು ಹೇಗೆ ತುಂಬುತ್ತದೆ ಎಂದು ತಿಳಿಯಲು ‘ವೀನಸ್’ ಹಾಕಿ. ಮೊದಲು ಸಣ್ಣ ಗಂಟೆಗಳ ಕಿಣಿಕಿಣಿ, ಅದನ್ನು ಆಡಿಸುವವರು ಕೋಲ್ಟ್ರೇನ್. ಅಲಿ ಕಡ್ಡಿ ಬಿಟ್ಟು ತಂತಿಯ ಬ್ರಷ್ ಹಿಡಿದಿದ್ದಾರೆ. ನಿಧಾನವಾದ, ಹಾಡಬಹುದಾದ ಒಂದು ರಾಗಧಾಟಿ ಬರುತ್ತದೆ. ಆಮೇಲೆ ಅದರದ್ದೇ ಚೂರುಗಳು ಬೇರೆ ಬೇರೆ ಸ್ಥಾಯಿಗೆ ಜಿಗಿಯತೊಡಗುತ್ತವೆ. ತಗ್ಗಿನಲ್ಲಿ ಒಂದು ಮಾತು, ಮೇಲಿನಿಂದ ಅದಕ್ಕೆ ಜವಾಬು. ಇಬ್ಬರು ಊದುತ್ತಿದ್ದಾರೇನೋ ಅನಿಸಬೇಕು, ಹಾಗೆ. ಬಿರುಸು ಏರಿ, ಸ್ವರಗಳು ಒಂದರ ಮೇಲೊಂದು ಕವಿದು, ಕೊನೆಗೆ ಮೊದಲಿನ ಧಾಟಿ ಮರಳುತ್ತದೆ. ಎಂಟೂವರೆ ನಿಮಿಷದಲ್ಲಿ ಹೋದ ದಾರಿಯೂ ಇದೆ, ವಾಪಸಾದ ದಾರಿಯೂ ಇದೆ. ‘ಬರೀ ಗದ್ದಲ’ ಎನ್ನುವವರು ಈ ಮರಳುವಿಕೆಯನ್ನು ಒಮ್ಮೆ ಕಾದು ಕೇಳಬೇಕು. ಈ ಧಾಟಿ ಆ ದಿನ ಹೊಳೆದದ್ದೂ ಅಲ್ಲ: ಒಂದು ವಾರ ಮೊದಲು, ಫೆಬ್ರವರಿ 15ರಂದು, ಆಲಿಸ್ ಮತ್ತು ಗ್ಯಾರಿಸನ್ ಜೊತೆಗಿದ್ದಾಗ ಕೋಲ್ಟ್ರೇನ್ ಇದನ್ನೇ ನುಡಿಸಿದ್ದರು. ಆ ಟೇಪ್ 1995ರಲ್ಲಿ ‘ಸ್ಟೆಲ್ಲರ್ ರೀಜನ್ಸ್’ ಹೆಸರಿನಲ್ಲಿ ಬಂತು, ಹೆಸರಿಟ್ಟವರು ಆಲಿಸ್. ಎರಡನ್ನೂ ಒಂದರ ಹಿಂದೆ ಒಂದು ಕೇಳಿದರೆ ಪಿಯಾನೊ, ಬೇಸ್ ತೆಗೆದಾಗ ಏನು ಬಿಡುಗಡೆಯಾಯಿತು ಎಂಬುದು ಯಾವ ವಿವರಣೆಗಿಂತ ಚೆನ್ನಾಗಿ ತಿಳಿಯುತ್ತದೆ.

ಇನ್ನು ಬಾಹ್ಯಾಕಾಶ. ರಾಕೆಟ್ ಸದ್ದು, ಎಲೆಕ್ಟ್ರಾನಿಕ್ ಗುಂಯ್‌ಗುಡಿಕೆ ಒಂದೂ ಇಲ್ಲ. ಇರುವುದು ಮಂಗಳ, ಶುಕ್ರ, ಗುರು, ಶನಿಯ ಹೆಸರಿನ ನಾಲ್ಕು ರಚನೆಗಳು ಮಾತ್ರ. ಅದೇ ದಿನ ನುಡಿಸಿದ ಇನ್ನೊಂದಕ್ಕೆ ಸಿಂಹರಾಶಿಯ ಹೆಸರು, ‘ಲಿಯೊ’. ಕೋಲ್ಟ್ರೇನ್‌ಗೆ ಐನ್‌ಸ್ಟೈನ್‌ನ ಚಿಂತನೆಯಲ್ಲೂ ಆಸಕ್ತಿ, ಜ್ಯೋತಿಷದಲ್ಲೂ ಆಸಕ್ತಿ, ಬೇರೆ ಬೇರೆ ಧರ್ಮಗಳ ದೇವರಲ್ಲೂ ಆಸಕ್ತಿ. ಅವರು ಇವನ್ನು ಬೇರೆ ಬೇರೆ ಕಪಾಟಿನಲ್ಲಿ ಇಟ್ಟವರಲ್ಲ. ರವಿಶಂಕರರ ಮೇಲಿನ ಗೌರವಕ್ಕೆ 1965ರಲ್ಲಿ ಹುಟ್ಟಿದ ಮಗನಿಗೆ ರವಿ ಎಂದೇ ಹೆಸರಿಟ್ಟರು. ಗ್ರಹಗಳ ಹೆಸರನ್ನು ನಾನು ಪ್ರಾರ್ಥನೆಯ ಹಾಗೆ ಓದುತ್ತೇನೆ, ಚಿತ್ರವರ್ಣನೆಯ ಹಾಗೆ ಅಲ್ಲ.

ತಡವಾದದ್ದರ ಹಿಂದೆ ದುಃಖದ ಸಂಗತಿಯಿದೆ. ಆ ದಿನದಿಂದ ಐದು ತಿಂಗಳೊಳಗೆ, ಜುಲೈ 17ರಂದು, ಯಕೃತ್ತಿನ ಕ್ಯಾನ್ಸರ್‌ನಿಂದ ಕೋಲ್ಟ್ರೇನ್ ತೀರಿಕೊಂಡರು. ಆಗಿನ್ನೂ 40 ವರ್ಷ. ಬಿಡುಗಡೆಯಾಗದ ಟೇಪ್‌ಗಳು ರಾಶಿ ಉಳಿದಿದ್ದವು. ಇಂಪಲ್ಸ್ ಕಂಪನಿ ಅವನ್ನು ಒಂದೊಂದಾಗಿ ಹೊರತಂದಿತು: 1970ರಲ್ಲಿ ‘ಟ್ರಾನ್ಸಿಷನ್’, 1971ರಲ್ಲಿ ‘ಸನ್ ಶಿಪ್’, 1974ರಲ್ಲಿ ಇದು. ‘ಲಿಯೊ’ 1978ರವರೆಗೆ ಕಾಯಬೇಕಾಯಿತು. ಮುಂದಿನ ಸಿಡಿಗಳಲ್ಲಿ ಅದೂ ಸೇರಿದೆ.

ಸ್ಯಾಕ್ಸೊಫೋನ್ ಮತ್ತು ಡ್ರಮ್ಸ್ ಇಬ್ಬರೇ ಸೇರಿ ಇಡೀ ಆಲ್ಬಮ್ ಮಾಡಬಹುದೆಂಬ ಧೈರ್ಯ ಆ ದಶಕದಲ್ಲಿ ಹಲವರಿಗೆ ಬಂತು. ಅಲಿ ಅವರೇ 1973ರಲ್ಲಿ ಫ್ರಾಂಕ್ ಲೋ ಜೊತೆ ‘ಡುಯೊ ಎಕ್ಸ್‌ಚೇಂಜ್’ ತಂದರು. ಬೀಬಾಪ್ ಎಂಬ ವೇಗದ ಜಾಝ್ ಶೈಲಿಯ ಕಾಲದ ಮಹಾನ್ ಡ್ರಮ್ಮರ್ ಮ್ಯಾಕ್ಸ್ ರೋಚ್ ಕೂಡ ಆರ್ಚೀ ಶೆಪ್ ಜೊತೆ, ಆಂಥನಿ ಬ್ರ್ಯಾಕ್ಸ್‌ಟನ್ ಜೊತೆ ಇದೇ ಜೋಡಿಯಲ್ಲಿ ನುಡಿಸಿದರು. 1999ರಲ್ಲಿ ನೆಲ್ಸ್ ಕ್ಲೈನ್ ಮತ್ತು ಗ್ರೆಗ್ ಬೆಂಡಿಯನ್ ಇಡೀ ಆಲ್ಬಮ್ ಅನ್ನು ಗಿಟಾರ್ ಮತ್ತು ಡ್ರಮ್ಸ್‌ನಲ್ಲಿ ಮರುನುಡಿಸಿದರು. ಆ ಗಿಟಾರ್ ಆವೃತ್ತಿ ರಾಕ್ ಕೇಳುವವರಿಗೆ ಒಳ್ಳೆಯ ಬಾಗಿಲು.

ನಿಮಗೆ ನನ್ನ ಸಲಹೆ: ಆಲ್ಬಮ್ ಕ್ರಮದಲ್ಲಿ ಕೇಳಬೇಡಿ, ಏಕೆಂದರೆ ಮೊದಲಿರುವ ‘ಮಾರ್ಸ್’ ಅತ್ಯಂತ ಕಠಿಣ. ‘ವೀನಸ್’ ಮೊದಲು, ಆಮೇಲೆ ಐದು ನಿಮಿಷದ ‘ಜುಪಿಟರ್’, ನಂತರ ‘ಸ್ಯಾಟರ್ನ್’. ‘ಮಾರ್ಸ್’ ಕೊನೆಗಿರಲಿ. ಒಮ್ಮೆ ಇಡೀ ರಚನೆಯನ್ನು ಡ್ರಮ್ಸ್ ಮೇಲೆ ಮಾತ್ರ ಕಿವಿಯಿಟ್ಟು ಕೇಳಿ, ಮತ್ತೊಮ್ಮೆ ಸ್ಯಾಕ್ಸೊಫೋನ್ ಮೇಲೆ. ಫೋನಿನ ಸ್ಪೀಕರ್ ಸಾಲದು, ಹೆಡ್‌ಫೋನ್ ಹಾಕಿಕೊಳ್ಳಿ. ಇಲ್ಲದಿದ್ದರೆ ಅಲಿಯವರ ಬ್ರಷ್‌ನ ಅರ್ಧ ಕೆಲಸ ಕೇಳಿಸುವುದೇ ಇಲ್ಲ.