ಷಡ್ಜ ಜಾರುವ ಪ್ರೇಮಗೀತೆ

(ಪತ್ರದ ಸಾರ: ಟೆನರ್ ಸ್ಯಾಕ್ಸೊಫೋನಿನಲ್ಲಿ ‘ಬಾಡಿ ಅಂಡ್ ಸೋಲ್’ ಎಂಬ ಜಾಝ್ ಹಾಡನ್ನು ಅಭ್ಯಾಸ ಮಾಡುತ್ತಿದ್ದೇನೆ. ವೇಗವನ್ನು ನಿಮಿಷಕ್ಕೆ 50 ಎಣಿಕೆಗೆ ಇಳಿಸಿದರೂ ಒಲವಿನ ತೀವ್ರತೆ ಬರುತ್ತಿಲ್ಲ, ಜೋಗುಳದಂತಾಗುತ್ತಿದೆ. ನಡುವಿನ ಭಾಗದಲ್ಲಿ ದಾರಿಯೇ ತಪ್ಪುತ್ತದೆ. – ಧಾರವಾಡದ ಓದುಗರು)

ಇಳಿಸಿದ್ದೇ ತಪ್ಪಾಯಿತು. ನಾಲ್ಕು ಬಾರ್‌ಗಳ (ನಾಲ್ಕು ಎಣಿಕೆಗೊಂದು ಬಾರ್) ಒಂದು ಸಾಲು 50ರ ವೇಗದಲ್ಲಿ 19 ಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತು ಉಸಿರು ನಿಲ್ಲದೆ ಸಾಲು ಮಧ್ಯದಲ್ಲೇ ತುಂಡಾಗುತ್ತದೆ. 66ಕ್ಕೆ ಏರಿಸಿ. ತಾಳದ ಟಿಕ್ಕು ಕೊಡುವ ಮೆಟ್ರೊನೋಮನ್ನು 33ಕ್ಕಿಟ್ಟು, ಅದರ ಟಿಕ್ಕುಗಳನ್ನು ಎರಡನೆಯ, ನಾಲ್ಕನೆಯ ಎಣಿಕೆಗಳೆಂದು ಭಾವಿಸಿ ನುಡಿಸಿ. ತೂಕಡಿಕೆ ತಾನಾಗಿ ಹೋಗುತ್ತದೆ.

ಜಾನಿ ಗ್ರೀನ್ 1930ರಲ್ಲಿ ಸ್ವರ ಹಾಕಿದ ಈ ಹಾಡು ಸುಖದ ಒಲವಿನದಲ್ಲ. ಒಲಿಯದವರಿಗೆ ತನುಮನ ಒಪ್ಪಿಸಿ ಕಾಯುವವರ ಅಳಲು. ಆ ನೆಲೆಯಿಲ್ಲದ ಭಾವ ಸ್ವರದಲ್ಲೇ ಇದೆ: ಶ್ರುತಿ ಡಿ ಫ್ಲಾಟ್ ಮೇಜರ್, ಮೊದಲ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಮಾತ್ರ ಇ ಫ್ಲಾಟ್ ಮೈನರ್. ಷಡ್ಜದಲ್ಲಿ ಕೂರದೆ ರಿಷಭದಿಂದ ಏಳುತ್ತದೆ.

ನೀವು ದಾರಿ ತಪ್ಪುವ ನಡುವಿನ ಭಾಗ, ಅಂದರೆ ಎಂಟು ಬಾರ್‌ಗಳ ಬ್ರಿಜ್‌ನಲ್ಲಿ ಆಧಾರ ಷಡ್ಜವೇ ಜಾಗ ಬಿಡುತ್ತದೆ. ನಾಲ್ಕು ಬಾರ್ ಅರ್ಧ ಸ್ವರ ಮೇಲೆ, ಡಿ ಮೇಜರ್‌ನಲ್ಲಿ. ಆಮೇಲೆ ಸಿ ಮೇಜರ್. ಕೊನೆಯ ಬಾರ್‌ನಲ್ಲಿ ಸಿ7, ಬಿ7, ಬಿ ಫ್ಲಾಟ್7 ಎಂಬ ಕಾರ್ಡ್‌ಗಳಲ್ಲಿ ಅರ್ಧರ್ಧ ಸ್ವರ ಕೆಳಗೆ ಜಾರಿ ಮತ್ತೆ ಆರಂಭದ ಕಾರ್ಡಿಗೆ. ಒಂದೇ ಷಡ್ಜಕ್ಕೆ ಒಗ್ಗಿದ ನಮ್ಮ ಕಿವಿಗೆ ಇದು ಕಷ್ಟವೇ. ಶ್ರುತಿಪೆಟ್ಟಿಗೆಯನ್ನು ಹಾರ್ಮೋನಿಯಂ ಲೆಕ್ಕದ ಕರಿ ಒಂದು, ಬಿಳಿ ಎರಡು, ಬಿಳಿ ಒಂದಕ್ಕೆ ಸರದಿಯಲ್ಲಿ ಇಟ್ಟು, ಪ್ರತಿಯೊಂದರ ಮೇಲೂ ಆಯಾ ಭಾಗವನ್ನಷ್ಟೇ ನುಡಿಸಿ. ಟೆನರ್‌ನಲ್ಲಿ ಬೆರಳು ಹಿಡಿಯುವ ಸ್ವರದ ಹೆಸರು ಕೇಳುವ ಸ್ವರಕ್ಕಿಂತ ಒಂದು ಪೂರ್ಣ ಸ್ವರ ಮೇಲಿರುವುದರಿಂದ, ಬೆರಳಿಗೆ ಇವು ಇ ಫ್ಲಾಟ್, ಇ, ಡಿ. ನಾಲ್ಕು ಶಾರ್ಪ್‌ಗಳ ಇ ಮೇಜರ್‌ನಲ್ಲೇ ಬೆರಳು ತೊಡರುವುದು. ಅದಕ್ಕೆ ಹೆಚ್ಚು ಹೊತ್ತು ಕೊಡಿ.

ಕೆಳಸ್ಥಾಯಿಯಲ್ಲಿ ಪಿಸುದನಿ ಬೇಕೆಂದು ತುಟಿ ಸಡಿಲಿಸುತ್ತೀರಾದರೆ ಸ್ವರ ಇಳಿಯುತ್ತದೆ, ಶ್ರುತಿ ತೋರಿಸುವ ಟ್ಯೂನರ್ ನೋಡಿಕೊಳ್ಳಿ. ಗಾಳಿಯ ಒತ್ತಡ ಮಾತ್ರ ಕಡಿಮೆಯಾಗಬಾರದು.

ಟೆನರ್ ಸ್ಯಾಕ್ಸೊಫೋನ್ ವಾದಕ ಕೋಲ್ಮನ್ ಹಾಕಿನ್ಸ್ 1939ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಲ್ಲಿ ಈ ಹಾಡನ್ನು ಧ್ವನಿಮುದ್ರಿಸಿದ್ದನ್ನು ಕೇಳಿಯೇ ಇರುತ್ತೀರಿ. 64 ಬಾರ್‌ಗಳಲ್ಲಿ, ಅಂದರೆ ಹಾಡಿನ ಎರಡು ಸುತ್ತಿನಲ್ಲಿ, ಮೂಲ ರಾಗ ಆರಂಭದಲ್ಲಿ ಸುಳಿದು ಮರೆಯಾಗುತ್ತದೆ. ಅದನ್ನು ಈಗಲೇ ಅನುಕರಿಸಬೇಡಿ. ಅಲ್ಲಿ ಗಮನಿಸಬೇಕಾದ್ದು ದನಿಯ ಏರಿಕೆ: ಮೆಲ್ಲಗೆ ತೊಡಗಿ, ಅತಿ ಗಟ್ಟಿ ದನಿಯನ್ನು ಎರಡನೆಯ ಸುತ್ತಿನ ತನಕ ಕಾದಿಡುತ್ತಾರೆ. ನೀವು ಬಹುಶಃ ಮೊದಲ ಎಂಟು ಬಾರ್‌ಗಳಲ್ಲೇ ಎಲ್ಲ ಸುರಿದುಬಿಡುತ್ತಿದ್ದೀರಿ. ಗಾಯಕಿ ಬಿಲ್ಲಿ ಹಾಲಿಡೇ 1940ರಲ್ಲಿ ಹಾಡಿದ್ದನ್ನೂ ಹಾಕಿಕೊಳ್ಳಿ. ಮಾತುಗಳು ತಾಳಕ್ಕಿಂತ ತುಸು ಹಿಂದೆ ಬೀಳುವ ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿ, ಉಸಿರನ್ನು ಅಲ್ಲಿ ತೆಗೆದುಕೊಳ್ಳಿ.

– ಸಂ.