ಶ್ಕುವೋಲ್‌ನಲ್ಲಿ ನಿಮ್ಮ ‘ಯೌ’ ಯಾಕೆ ನಡೆಯುತ್ತಿಲ್ಲ

ಸ್ವಿಟ್ಜರ್ಲೆಂಡ್‌ನ ರೊಮಾನ್ಶ್ ಭಾಷೆಯಲ್ಲಿ ‘ನಾನು’ ಅನ್ನೋದಕ್ಕೆ ಆಪ್‌ನಲ್ಲಿ ‘ಯೌ’ ಅಂತ ಕಲಿತೆ, ಅಲ್ಲಿನ ಶ್ಕುವೋಲ್ ಊರಿನ ಅಕ್ಕಪಕ್ಕದವರು ‘ಎವ್’ ಅಂತಾರೆ ಅಂದಿರಿ. ನೀವು ಕಲಿತಿರೋದು ಬಹುಶಃ ರುಮಾಂಚ್ ಗ್ರಿಶುನ್. ಆಪ್ ಯಾವುದಂತ ನೀವು ಬರೆದಿಲ್ಲ, ಆ ‘ಯೌ’ ನೋಡಿಯೇ ಹೇಳ್ತಿದ್ದೇನೆ. ಅದು 1982ರಲ್ಲಿ ಭಾಷಾತಜ್ಞ ಹೈನ್ರಿಕ್ ಶ್ಮಿಡ್ ರೂಪಿಸಿದ ಬರಹದ ರೊಮಾನ್ಶ್. ಸರ್ಕಾರಿ ಕಾಗದಕ್ಕೆ ಸರಿ, ಅಂಗಡಿಯಲ್ಲಿ ಮಾತಾಡೋಕೆ ಅಲ್ಲ.

ಶ್ಕುವೋಲ್ ಇರೋದು ಎಂಗಡೀನ್ ಕಣಿವೆಯ ಕೆಳಭಾಗದಲ್ಲಿ. ಅಲ್ಲಿನ ಮಾತು ವಲ್ಲಾಡೇರ್, ರೊಮಾನ್ಶ್‌ನ ಐದು ಉಪಭಾಷೆಗಳಲ್ಲಿ ಒಂದು. ಮೊದಲು ಮನೆಗಳ ಗೋಡೆ ಮೇಲಿನ ಹೆಸರು ಓದಿ. ನಿಮ್ಮ ಕಡೆ ಮನೆಗೆ ‘ಚಾಸಾ’. ಅದೇ ಕಣಿವೆಯಲ್ಲಿ ಮೇಲಕ್ಕೆ, ಸೇಂಟ್ ಮೋರಿಟ್ಸ್ ಹತ್ತಿರ ಹೋದರೆ ‘ಚೇಸಾ’, ಯಾಕಂದರೆ ಅಲ್ಲಿನ ಉಪಭಾಷೆ ಪುತೇರ್. ಇನ್ನೊಂದು ರೊಮಾನ್ಶ್ ಪ್ರದೇಶ ಸುರ್‌ಸೆಲ್ವಾದಲ್ಲಿ ‘ಕಾಸಾ’. ಮಜಾ ಇದೆ ಅಲ್ವಾ?

ಆಮೇಲೆ ‘ಪ್ಲೆದಾರಿ ಗ್ರೋಂದ್’ ಆನ್‌ಲೈನ್ ನಿಘಂಟಿನಲ್ಲಿ ವಲ್ಲಾಡೇರ್ ಆರಿಸಿ, ಕಲಿತ ಪದಗಳನ್ನು ಒಂದೊಂದಾಗಿ ಹಾಕಿ ನೋಡಿ. ಹಳೆಯದನ್ನು ಮರೆಯಬೇಡಿ, ಓದೋಕೆ ಬೇಕಾಗುತ್ತದೆ. ‘ತುಂಬಾ ಧನ್ಯವಾದ’ ಅನ್ನೋ ‘ಗ್ರಾತ್ಸಿಯಾ ಫಿಚ್’ ಮಾತ್ರ ಇವತ್ತೇ ‘ಗ್ರಾಚಾ ಫಿಚ್’ ಮಾಡಿಕೊಳ್ಳಿ. ಎದುರಾದವರಿಗೆ ನಮಸ್ಕಾರದ ಬದಲು ‘ಅಲ್ಲೇಗ್ರಾ’ ಅನ್ನಿ.

ಪುಸ್ತಕ ಬೇಕಿದ್ದರೆ ರೊಮಾನ್ಶ್ ಭಾಷೆಗಾಗಿ ಕೆಲಸ ಮಾಡೋ ಲಿಯಾ ರುಮಾಂಚಾ ಸಂಸ್ಥೆಗೆ ಬರೆಯಿರಿ. ಸುಮ್ನೆ ರೊಮಾನ್ಶ್ ಅನ್ನಬೇಡಿ, ವಲ್ಲಾಡೇರ್ ಪಾಠಪುಸ್ತಕ ಅಂತಲೇ ಕೇಳಿ.