ಹೈಪರ್‌ಲೂಪ್ ಬರೋವರೆಗೂ ಬಂಗಾರಪೇಟೆ ರೈಲು ಕಾಯ್ಬೇಕಾ?

ಪ್ರಶ್ನೆ: ಸರ್, 14 ವರ್ಷದಿಂದ ಪಾಸ್ ಮಾಡಿಸ್ಕೊಂಡು ಬಂಗಾರಪೇಟೆ–ಬೆಂಗಳೂರು ಓಡಾಡ್ತಿದೀನಿ. ಹೋಗ್ತಾನೂ ನಿಂತ್ಕೊಂಡೇ, ಬರ್ತಾನೂ ನಿಂತ್ಕೊಂಡೇ. ನನ್ನ ಮಗ ಇಂಜಿನಿಯರಿಂಗ್ ಓದ್ತಿದಾನೆ. ‘ಅಪ್ಪಾ, ಹೈಪರ್‌ಲೂಪ್ ಬಂದ್ರೆ ಐದೇ ನಿಮಿಷ, ಈ ಹಳೇ ರೈಲಿಗೆ ಯಾಕೆ ದುಡ್ಡು ಸುರೀಬೇಕು’ ಅಂತಾನೆ. ನಿಜಾನಾ?
– ಒಬ್ಬ ಓದುಗರು, ಬಂಗಾರಪೇಟೆ

ಉತ್ತರ: ಹೈಪರ್‌ಲೂಪ್ ಅಂದ್ರೆ ಹೆಚ್ಚುಕಮ್ಮಿ ಗಾಳಿಯೆಲ್ಲ ತೆಗೆದ ಉದ್ದನೆ ಕೊಳವೆಯೊಳಗೆ ಜನರನ್ನ ಕೂರಿಸಿದ ಡಬ್ಬಿ ಓಡಿಸೋದು. ಮಗನ್ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ಪೇಪರ್ ಪೆನ್ನು ತಗೊಳ್ಳಿ ಸರ್, ಹೈಸ್ಕೂಲ್ ಫಿಸಿಕ್ಸ್ ಸಾಕು. ಬಂಗಾರಪೇಟೆಯಿಂದ ಬೆಂಗಳೂರು ಸ್ಟೇಷನ್‌ಗೆ ಸುಮಾರು 70 ಕಿಲೋಮೀಟರ್. ನಮ್ಮ ಮೆಟ್ರೋ ಹೊರಡುವಾಗ ಮೈ ಹಿಂದಕ್ಕೆ ವಾಲುತ್ತಲ್ಲ, ಹೆಚ್ಚುಕಮ್ಮಿ ಆ ಲೆಕ್ಕದಲ್ಲೇ, ಅಂದ್ರೆ ಒಂದೊಂದು ಸೆಕೆಂಡಿಗೂ ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗ ಏರಿಸ್ತಾ ಹೋಗಿ, ಮಾಲೂರು ದಾಟಿದ ಮೇಲೆ ಅರ್ಧ ದಾರೀಲಿ ಗಂಟೆಗೆ 950 ಕಿಲೋಮೀಟರ್ ಮುಟ್ಟುತ್ತೆ, ಮುಟ್ಟಿದ ತಕ್ಷಣ ಬ್ರೇಕ್ ಹಾಕ್ಬೇಕು, ಇಲ್ಲಾಂದ್ರೆ ಬೆಂಗಳೂರಲ್ಲಿ ನಿಲ್ಲಲ್ಲ. ಒಟ್ಟು ಒಂಬತ್ತು ನಿಮಿಷದ ಹತ್ರ ಆಯ್ತು. ಸಾವಿರದ ಮೇಲೆ ಹೋಗೋ ವಾಹನಕ್ಕೆ ನಮ್ಮ ದಾರಿ ಸಾಲದು. ಇದೂ ಎಲ್ಲೂ ನಿಲ್ಲಿಸ್ದೆ ಹೋದ್ರೆ ಮಾತ್ರ. ಟೇಕಲ್, ಮಾಲೂರು, ದೇವನಗೊಂದಿ, ವೈಟ್‌ಫೀಲ್ಡ್, ಕೆ.ಆರ್.ಪುರ ಇಲ್ಲೆಲ್ಲ ಹತ್ತಿ ಇಳಿಯೋ ಜನ ಏನ್ ಮಾಡ್ಬೇಕು?

ಇನ್ನು ಎಷ್ಟು ಜನ ಹಿಡಿಸ್ತಾರೆ ಅನ್ನೋದು, ಇದೇ ಮುಖ್ಯ ಅಂತೀನಿ ನಾನು. ಈಲಾನ್ ಮಸ್ಕ್ 2013ರಲ್ಲಿ ಬಿಡುಗಡೆ ಮಾಡಿದ ಮೂಲ ವರದೀಲೇ ಇದೆ, ಒಂದು ಡಬ್ಬಿಗೆ 28 ಜನ, ಸರಾಸರಿ ಎರಡು ನಿಮಿಷಕ್ಕೊಂದು ಡಬ್ಬಿ. ಗಂಟೆಗೆ 840 ಜನ ಆಯ್ತು. ನಮ್ಮ ಜನರಲ್ ಬೋಗಿ ಒಂದ್ರಲ್ಲಿ 90 ಸೀಟು ಅಂತ ಇಟ್ಕೊಂಡ್ರೂ ಒಂದು ಗಂಟೆ ಪೂರ್ತಿ ಹೈಪರ್‌ಲೂಪ್ ಓಡಿಸಿದ್ರೆ ಹೋಗೋದು ಒಂಬತ್ತೂಕಾಲು ಬೋಗಿಯ ಸೀಟಿನಷ್ಟು ಜನ. ನೀವೂ ನಿಮ್ಮ ಜೊತೆಯವರೂ ನಿಂತ್ಕೊಂಡು ಹೋಗ್ತೀರಲ್ಲ, ಆ ಲೆಕ್ಕ ಇದರಲ್ಲಿ ಇಲ್ವೇ ಇಲ್ಲ. ಅರ್ಧ ನಿಮಿಷಕ್ಕೊಂದು ಬಿಡ್ತೀವಿ ಅಂತಾನೂ ಅದೇ ವರದೀಲಿದೆ. ಆದ್ರೆ ಆ ವರದಿ ಹೇಳೋ ಗಂಟೆಗೆ ಸುಮಾರು 1,200 ಕಿಲೋಮೀಟರ್ ವೇಗದಲ್ಲಿ ಅರ್ಧ ನಿಮಿಷಕ್ಕೆ 10 ಕಿಲೋಮೀಟರ್ ಹೋಗಿರುತ್ತೆ, ಮುಂದಿನ ಡಬ್ಬಿ ಕೆಟ್ಟು ನಿಂತ್ರೆ ಹಿಂದಿಂದು ಒಳಗಿರೋರಿಗೆ ಏಟಾಗದ ಹಾಗೆ ನಿಲ್ಲೋಕೆ ಅದಕ್ಕಿಂತ ಜಾಸ್ತಿ ದೂರ ಬೇಕು.

ನಡೆದಿರೋದು ಏನು ಅಂತಾನೂ ನೋಡಿ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಏರ್‌ಪೋರ್ಟಿಂದ ಸಿಟಿಗೆ 10 ನಿಮಿಷ ಅಂತ ವರ್ಜಿನ್ ಹೈಪರ್‌ಲೂಪ್ ಜೊತೆ ಒಪ್ಪಂದ ಆಗಿ ಪೇಪರ್ ತುಂಬ ಅದೇ ಸುದ್ದಿ. ಅದೇ ನವೆಂಬರ್‌ನಲ್ಲಿ ಅವರು ಅಮೆರಿಕದ ನೆವಾಡಾದಲ್ಲಿ ಇಬ್ಬರನ್ನ ಕೂರಿಸಿ ಅರ್ಧ ಕಿಲೋಮೀಟರ್ ಕೊಳವೇಲಿ ಓಡಿಸಿದ್ರು, ವೇಗ ಗಂಟೆಗೆ 172. ಆಮೇಲೆ ಜನರನ್ನ ಬಿಟ್ಟು ಬರೀ ಸರಕಿಗೆ ಅಂದ್ರು, 2023ರ ಕೊನೆಗೆ ಕಂಪನೀನೇ ಮುಚ್ಚಿತು. ಐಐಟಿ ಮದ್ರಾಸ್‌ನವರದ್ದು 422 ಮೀಟರ್ ಟೆಸ್ಟ್ ಟ್ರ್ಯಾಕ್ ಇದೆ, ನಮ್ಮ ಹುಡುಗರು ಮಾಡಿರೋ ಕೆಲಸ, ಅದು ಮುಂದುವರೀಲೇಬೇಕು, ನಿಮ್ಮ ಮಗನೂ ಸೇರ್ಕೊಂಡ್ರೆ ನನಗೆ ಖುಷಿ. ಆದ್ರೆ 422 ಮೀಟರ್ ಸಂಶೋಧನೆ ತೋರಿಸಿ 70 ಕಿಲೋಮೀಟರ್ ರೈಲಿನ ದುಡ್ಡು ನಿಲ್ಸಿ ಅನ್ನೋದನ್ನ ನಾನು ಒಪ್ಪಲ್ಲ.

ಹೊಸದು ಬೇಡ ಅಂತಲ್ಲ ಸರ್. ನಮ್ಮ ಜಿಲ್ಲೆ ಜನಕ್ಕೆ ಹೊಸದರ ಭಯ ಯಾವತ್ತೂ ಇರ್ಲಿಲ್ಲ, 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೆಜಿಎಫ್ ಗಣಿಗೆ ಕರೆಂಟ್ ತಂದಿದ್ರು, ಬೆಂಗಳೂರಿಗೆ ಕರೆಂಟ್ ಬಂದಿದ್ದೂ ಅದಾದ ಮೇಲೇನೇ. ಅದೇ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿದಾಗ ಅಷ್ಟೊಂದು ಮನೆಗಳ ಒಲೆ ಉರಿಯೋ ಹಾಗೆ ನೋಡ್ಕೊಂಡಿದ್ದು ಮಾರಿಕುಪ್ಪಂನಿಂದ ಹೊರಡೋ ರೈಲು. ಕತ್ತಲಿರೋವಾಗ್ಲೇ ಊಟದ ಡಬ್ಬಿ ಕಟ್ಕೊಂಡು ಸ್ವರ್ಣ ರೈಲು ಹತ್ತಿ, ಕರ್ಚೀಫ್ ಹಾಕಿ ಸೀಟ್ ಹಿಡಿದು, ಬೆಂಗಳೂರಲ್ಲಿ ದುಡಿದು ರಾತ್ರಿ ಬರೋರು ಈಗ್ಲೂ ಸಾವಿರಾರು ಜನ. ಸೀಸನ್ ಪಾಸ್ ರೇಟಿಗೆ ಬೇರೆ ಯಾವ ಗಾಡಿ ಇವರನ್ನ ಕರ್ಕೊಂಡು ಹೋಗುತ್ತೆ ಹೇಳಿ.

ಹಾಗಾದ್ರೆ ನಿಮ್ಮ ಟೈಮ್ ಎಲ್ಲಿ ಹಾಳಾಗ್ತಿದೆ? ರೈಲು ಓಡೋವಾಗ ಅಲ್ಲ, ನಿಂತಿರೋವಾಗ. ಎಕ್ಸ್‌ಪ್ರೆಸ್ ಮುಂದೆ ಹೋಗ್ಲಿ ಅಂತ ನಿಮ್ಮ ಗಾಡೀನ ಸೈಡಿಗೆ ಹಾಕ್ತಾರೆ. ಇರೋದು ಎರಡೇ ಲೈನು, ಅದರಲ್ಲೇ ಚೆನ್ನೈ ಗಾಡಿ, ಗೂಡ್ಸು, ನಿಮ್ಮ ಮೆಮು ಎಲ್ಲ ನುಗ್ಗಬೇಕು. ಕಂಟೋನ್ಮೆಂಟ್–ವೈಟ್‌ಫೀಲ್ಡ್ ನಾಲ್ಕು ಲೈನ್ ಕೆಲಸ ಎಷ್ಟೋ ವರ್ಷದಿಂದ ಎಳೀತಾ ಇದೆ, ನಿಮ್ಮ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಪ್ರಾಜೆಕ್ಟ್ ಅದೇ. ಜೊತೆಗೆ ಆಟೋಮ್ಯಾಟಿಕ್ ಸಿಗ್ನಲ್. ಹಳೇ ಪದ್ಧತೀಲಿ ಎರಡು ಸ್ಟೇಷನ್ ಮಧ್ಯೆ ಒಂದು ದಿಕ್ಕಿಗೆ ಒಂದೇ ಗಾಡಿ, ಇದರಲ್ಲಿ ಒಂದರ ಹಿಂದೆ ಒಂದು ಬಿಡಬಹುದು. ಕಾಡುಗೋಡಿ ಮೆಟ್ರೋ ವೈಟ್‌ಫೀಲ್ಡ್ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಇರೋದ್ರಿಂದ ನಿಮ್ಮ ಗಾಡಿ ಅಲ್ಲಿವರೆಗೆ ಟೈಮಿಗೆ ಬಂದ್ರೂ ಅರ್ಧ ಜನಕ್ಕೆ ಸಾಕು.

ದುಡ್ಡಿಲ್ಲ ಅನ್ನೋ ಮಾತು ನನಗೆ ಸಿಟ್ಟು ತರಿಸುತ್ತೆ. ಬೆಂಗಳೂರು ಸಬರ್ಬನ್ ರೈಲು 148 ಕಿಲೋಮೀಟರಿಗೆ 15,767 ಕೋಟಿ, 2020ರಲ್ಲೇ ಒಪ್ಪಿಗೆ ಸಿಕ್ತು, 2022ರ ಜೂನ್‌ನಲ್ಲಿ ಶಂಕುಸ್ಥಾಪನೆ, 40 ತಿಂಗಳು ಅಂದಿದ್ರು, 40 ತಿಂಗಳು ಕಳೆದೂ ಒಂದು ಗಾಡಿ ಓಡ್ಲಿಲ್ಲ. ಅದೇ ಊರಲ್ಲಿ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆ 17 ಕಿಲೋಮೀಟರೂ ಇಲ್ಲ, ಅಂದಾಜು 17 ಸಾವಿರ ಕೋಟಿ ಮೇಲೆ, ಅದೂ ಕಾರಿಗೆ. ಮಗನಿಗೆ ಭವಿಷ್ಯ ನೋಡ್ಬೇಕು ಅಂದ್ರೆ ದೆಹಲಿ–ಮೀರತ್ ನಮೋ ಭಾರತ್ ರೈಲು ತೋರಿಸಿ. 82 ಕಿಲೋಮೀಟರ್ ದಾರಿ, ಹೆಚ್ಚುಕಮ್ಮಿ ನಮ್ಮ ದೂರಾನೇ, ಗಂಟೆಗೆ 160ರವರೆಗೂ ಓಡುತ್ತೆ, ಮಧ್ಯದ ಊರುಗಳಲ್ಲೂ ನಿಲ್ಲುತ್ತೆ.

ಪ್ರಶ್ನೆ: ನಮ್ಮ ಕೋಲಾರ–ಚಿಂತಾಮಣಿ–ಚಿಕ್ಕಬಳ್ಳಾಪುರ ಲೈನಿನ ರೈಲು ಖಾಲಿ ಓಡುತ್ತೆ. ಜನಾನೇ ಹತ್ತದ ರೈಲಿಗೆ ಯಾಕೆ ಖರ್ಚು?
– ಒಬ್ಬ ಓದುಗರು, ಶ್ರೀನಿವಾಸಪುರ

ಉತ್ತರ: ಜನ ಹತ್ತಲ್ಲ ಅಂತ ಗಾಡಿ ಕಮ್ಮಿ ಅಲ್ಲಮ್ಮ, ಗಾಡಿ ಕಮ್ಮಿ ಅಂತ ಜನ ಹತ್ತಲ್ಲ. ಒಂದು ತಪ್ಪಿಸ್ಕೊಂಡ್ರೆ ಮುಂದಿಂದಕ್ಕೆ ಗಂಟೆಗಟ್ಟಲೆ ಕಾಯ್ಬೇಕು ಅಂದ್ರೆ ಯಾರು ನಂಬ್ಕೊಂಡು ಕೂರ್ತಾರೆ, ಬಸ್ ಹತ್ತಿ ಹೋಗ್ತಾರೆ. 2013ರಲ್ಲಿ ಬ್ರಾಡ್‌ಗೇಜ್ ಆದ ಲೈನು, ಮುಂದೆ ದೇವನಹಳ್ಳಿ ಮೇಲೆ ಯಲಹಂಕಕ್ಕೆ ಸೇರುತ್ತೆ, ಏರ್‌ಪೋರ್ಟ್ ಪಕ್ಕದಲ್ಲೇ ಹೋಗುತ್ತೆ. ಹೈಪರ್‌ಲೂಪ್ ಒಪ್ಪಂದ ಆಗಿ ನಾಲ್ಕೇ ತಿಂಗಳಿಗೆ, 2021ರ ಜನವರೀಲಿ, ಅದೇ ಲೈನಲ್ಲಿ ಏರ್‌ಪೋರ್ಟ್ ಹಾಲ್ಟ್ ಸ್ಟೇಷನ್ ಶುರುವಾಯ್ತು. ಸ್ಟೇಷನ್ ಇದೆ, ಹಳಿ ಇದೆ, ಗಾಡಿ ಸಾಲದು. ಸಿಂಗಲ್ ಲೈನಾದ್ರೂ ಕ್ರಾಸಿಂಗ್ ಸ್ಟೇಷನ್ ಸರಿಮಾಡಿ, ಏರ್‌ಪೋರ್ಟಲ್ಲಿ ಶಿಫ್ಟ್ ಕೆಲಸ ಮಾಡೋರ ಟೈಮಿಗೆ ಬೆಳಿಗ್ಗೆ ಸಂಜೆ ಗಾಡಿ ಬಿಟ್ಟು ಎರಡು ವರ್ಷ ನಿಲ್ಲಿಸ್ದೆ ಓಡಿಸ್ಲಿ, ಆಮೇಲೆ ಲೆಕ್ಕ ಕೇಳೋಣ. ನೀವು ಒಂದು ತಿಂಗಳು ಯಾವ ಗಾಡಿ ಎಷ್ಟೊತ್ತಿಗೆ ಬಂತು, ಎಷ್ಟು ಜನ ಹತ್ತಿದ್ರು ಅಂತ ನೋಟ್‌ಬುಕ್ಕಲ್ಲಿ ಬರೆದಿಡಿ. ಬೆಂಗಳೂರು ರೈಲ್ವೆ ಡಿವಿಷನ್‌ಗೆ ಪ್ರಯಾಣಿಕರ ಸಲಹಾ ಸಮಿತಿ ಅಂತ ಇದೆ, ಅದರ ಸದಸ್ಯರ ಕೈಗೆ ಆ ನೋಟ್‌ಬುಕ್ಕಿನ ಜೆರಾಕ್ಸ್ ಕೊಡಿ, ಇನ್ನೊಂದನ್ನ ನಿಮ್ಮ ಎಂಪಿ ಆಫೀಸಿಗೆ ಕೊಟ್ಟು ಸೀಲ್ ಹಾಕಿಸ್ಕೊಂಡು ಬನ್ನಿ.